ಪರೋಕ್ಷ ಧಣಿ: ಹತ್ತಿಯ ಹೊಲದ ಬಲವಂತದ ದುಡಿಮೆ ಮತ್ತು ಧರ್ಮಸಭೆಯ ಹೊಣೆ

ಬಲವಂತದ ದುಡಿಮೆ ಎಂದೊಡನೆ ನಮಗೆ ನೆನಪಾಗುವುದು ಚೀನಾದ ಷಿನ್‌ಜಿಯಾಂಗ್ ಪ್ರದೇಶದ ಉಯ್ಘರ್ ಜನರು ಮತ್ತು ಅಲ್ಲಿನ ಹತ್ತಿ. ಅಲ್ಲಿಂದ ಬಂದ ಸರಕು ಬಲವಂತದ ದುಡಿಮೆಯಿಂದ ಆದದ್ದಲ್ಲವೆಂದು ಆಮದುದಾರನೇ ರುಜುವಾತುಪಡಿಸಬೇಕೆಂಬ ಅಮೆರಿಕದ ಕಾನೂನು 2022ರ ಜೂನ್‌ನಲ್ಲಿ ಜಾರಿಗೆ ಬಂದಿತು. ಅದೇ ದೇಶದ ಕಾರ್ಮಿಕ ಇಲಾಖೆಯು ಬಲವಂತದ ಹಾಗೂ ಬಾಲದುಡಿಮೆಯ ಸರಕುಗಳೆಂದು ಪ್ರಕಟಿಸಿರುವ ಪಟ್ಟಿಯಲ್ಲಿ ಭಾರತದ ಹೈಬ್ರಿಡ್ ಹತ್ತಿಬೀಜವೂ ಸೇರಿದೆ. ಆ ಬೀಜೋತ್ಪಾದನೆ ನಡೆದುಬಂದಿರುವ ಜಿಲ್ಲೆಗಳಲ್ಲಿ ಹುಲಿಗಿಯನ್ನು ಒಳಗೊಂಡ ನಮ್ಮ ಕೊಪ್ಪಳವೂ ಒಂದು.

ಹೈಬ್ರಿಡ್ ಬೀಜಕ್ಕಾಗಿ ಪ್ರತಿ ಮೊಗ್ಗಿನ ಕೇಸರವನ್ನು ಸಂಜೆ ಕೈಯಿಂದಲೇ ತೆಗೆದು, ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಹೂವಿನ ಪರಾಗವನ್ನು ಸವರಬೇಕು. ಈ ಕೆಲಸಕ್ಕೆ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಹಚ್ಚಿದ್ದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ತಂದೆತಾಯಿ ಪಡೆದ ಮುಂಗಡವೇ ಮಗುವನ್ನು ಹೊಲಕ್ಕೆ ಕಟ್ಟಿಹಾಕುತ್ತದೆ. ಕಂಪನಿಯ ಒಪ್ಪಂದವಾದರೋ ಮಧ್ಯವರ್ತಿಯೊಡನೆ, ಮಧ್ಯವರ್ತಿಯದು ರೈತನೊಡನೆ. ಬೀಜದ ಬೆಲೆಯನ್ನು ಗೊತ್ತುಮಾಡುವುದು ಮಾತ್ರ ಕಂಪನಿಯೇ. ಆ ಬೆಲೆಯಲ್ಲಿ ದೊಡ್ಡವರ ಕೂಲಿ ಗಿಟ್ಟದಿದ್ದಾಗ ರೈತನು ಅಗ್ಗದ ಕೈಗಳನ್ನು ಹುಡುಕುತ್ತಾನೆ.

ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿಯು ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪಿತ್ತಿತು. ಬಡತನದ ಒತ್ತಾಯವೂ ಬಲವಂತವೇ ಎಂಬುದು ಅದರ ತಿರುಳು.

ಅದರ ಹಿಂದಿನ ವರ್ಷವೇ ಸಂತ ಎರಡನೇ ಜಾನ್ ಪೌಲರು ‘ಲಬೋರೆಮ್ ಎಕ್ಸರ್ಸೆನ್ಸ್’ ವಿಶ್ವಪರಿಪತ್ರದಲ್ಲಿ ‘ಪರೋಕ್ಷ ಧಣಿ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟಿದ್ದರು. ದುಡಿಯುವವನೊಡನೆ ನೇರವಾಗಿ ಕರಾರು ಮಾಡುವವನು ಪ್ರತ್ಯಕ್ಷ ಧಣಿ. ಆ ಕರಾರಿನ ಸ್ವರೂಪವನ್ನು ದೂರದಿಂದ ನಿರ್ಧರಿಸುವ ವ್ಯಕ್ತಿಗಳು, ಸಂಸ್ಥೆಗಳು, ಮೊದಲಾಗಿ ಸರ್ಕಾರ, ಪರೋಕ್ಷ ಧಣಿ. ತಡೆಹಿಡಿದ ಕೂಲಿಯ ಕೂಗು ಹೊಲದೊಡೆಯನ ವಿರುದ್ಧ ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯ ಎಚ್ಚರಿಸುತ್ತದೆ. ಇಂದು ಆ ಹೊಲದೊಡೆಯನೂ ಬೆಲೆಯ ಇಕ್ಕಟ್ಟಿಗೆ ಸಿಕ್ಕಿರುವುದರಿಂದ, ಕೂಗು ಅವನನ್ನು ದಾಟಿ ಕಂಪನಿಯವರೆಗೆ, ಬಟ್ಟೆ ಕೊಳ್ಳುವವರವರೆಗೆ ಸಾಗುತ್ತದೆಂದು ನಾವು ಓದಬೇಕಾಗಿದೆ. ಬಲಿಪೀಠದ ವಸ್ತ್ರವೂ, ನಮ್ಮ ಶಾಲೆಗಳ ಸಮವಸ್ತ್ರವೂ ಆ ದಾರಿಯಲ್ಲೇ ಬರುತ್ತವೆ.

ಆದುದರಿಂದ ತಂದೆತಾಯಿಯನ್ನು ಮಾತ್ರ ದೂರುವ ಪ್ರಬೋಧನೆ ನ್ಯಾಯವಲ್ಲ. ಪರಾಗ ಸವರುವ ದಿನಗಳಲ್ಲಿ ಶಾಲೆಯ ಹಾಜರಿಯನ್ನು ಗಮನಿಸುವುದು, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಂತೆ ಜಿಲ್ಲಾ ಜಾಗೃತಿ ಸಮಿತಿಗೆ ದೂರು ಸಲ್ಲಿಸುವುದು, ದೊಡ್ಡವರ ಕೂಲಿಗೆ ಸಾಲುವ ಬೆಲೆಗಾಗಿ ರೈತರೊಡನೆ ನಿಂತು ಕೇಳುವುದು, ನಮ್ಮ ಸಂಸ್ಥೆಗಳು ಕೊಳ್ಳುವ ಬಟ್ಟೆಯ ಮೂಲವನ್ನು ವಿಚಾರಿಸುವುದು ನಮ್ಮ ಪಾಲನಾ ಸೇವೆಯ ಭಾಗವಾಗಬೇಕು. ಷಿನ್‌ಜಿಯಾಂಗ್‌ನಲ್ಲಿ ಹಾಗೆ ದೂರು ಕೊಡಲು ಹೋದವನು ಸೆರೆಮನೆ ಸೇರಬಹುದು. ಇಲ್ಲಿ ಕಾಯ್ದೆಯೂ ಕಚೇರಿಯೂ ಇವೆ. ದೂರು ಕೊಡುವವರು ಬೇಕಾಗಿದ್ದಾರೆ.