ಒಂದೂ ಹಡಗು ಮುಳುಗಿಸದ ಕಾಕಾ

ಕಲ್ಯಾಣದ ದುರ್ಗಾಡಿ ಕೋಟೆಯ ಬಳಿ, ಖಾಡಿಯ ದಡದಲ್ಲಿ, ನೌಕಾಪಡೆಯಿಂದ ನಿವೃತ್ತವಾದ ಟಿ-80 ಎಂಬ ನೌಕೆಯನ್ನು ತಂದು ನಿಲ್ಲಿಸಿದ್ದಾರೆ. ನಮ್ಮ ಡೊಂಬಿವಲಿಗೆ ಅದೇನು ದೂರವಲ್ಲ. ಒಂದು ಭಾನುವಾರ ನಮ್ಮ ಕಟ್ಟಡದ ಮೂರನೇ ಮಾಳಿಗೆಯ ಕಾಕಾ ಮೊಮ್ಮಗನ ಕೈಹಿಡಿದು ಅದನ್ನು ನೋಡಲು ಹೊರಟಾಗ ನಾನೂ ಜೊತೆಯಾದೆ.

ಕಾಕಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು ಎಂದಷ್ಟೇ ನಮಗೆ ಗೊತ್ತಿತ್ತು. ಅದಕ್ಕೂ ಮೊದಲು ಹದಿನೈದು ವರ್ಷ ನೌಕಾಪಡೆಯಲ್ಲಿದ್ದರು, ಅದೂ ಜಲಾಂತರ್ಗಾಮಿಯಲ್ಲಿ ಎಂಬುದು ಅಂದು ತಿಳಿಯಿತು.

“ನಮ್ಮೂರ ಬಾವ್ಯಾಗ ಬ್ಯಾಸಗಿ ಬಂದ್ರ ನೀರ ಇರ್ತಿರಲಿಲ್ಲ. ನಾ ಹೋಗಿ ಸಮುದ್ರದಾಗ ಮುಳಗಿದೆ,” ಎಂದು ನಕ್ಕರು.

ಶಾಲೆಯ ಪ್ರಾಜೆಕ್ಟಿಗಾಗಿ ಬಂದಿದ್ದ ಮೊಮ್ಮಗ ವಹಿ ತೆರೆದು ಕೇಳಿದ: “ಅಜ್ಜಾ, ನೀವು ಎಷ್ಟು ಹಡಗು ಮುಳುಗಿಸೀರಿ?”

“ಒಂದೂ ಇಲ್ಲಪಾ.”

ಹುಡುಗನ ಮುಖ ಸಪ್ಪಗಾಯಿತು. ಕಾಕಾರ ಮುಖ ಅದಕ್ಕಿಂತ ಸಪ್ಪಗಾಯಿತು. ಮನೆ ಮುಟ್ಟುವವರೆಗೂ ಅವರು ಮಾತಾಡಲಿಲ್ಲ.

ಆ “ಒಂದೂ ಇಲ್ಲ” ನನ್ನನ್ನು ಬಿಡಲಿಲ್ಲ. ಮುಂದಿನ ಕೆಲವು ಸಂಜೆ ಕಾಕಾರ ಮನೆಯ ಚಹಾ ಕುಡಿಯುತ್ತ, ಸಿಕ್ಕಿದ್ದನ್ನೆಲ್ಲ ಓದುತ್ತ ನಾನು ತಿಳಿದುಕೊಂಡದ್ದು ಇಷ್ಟು.

ನಮ್ಮ ದೇಶದ ಮೊದಲ ಜಲಾಂತರ್ಗಾಮಿಯ ಹೆಸರು ಐಎನ್‌ಎಸ್ ಕಲ್ವರಿ. ಬ್ರಿಟನ್ನಿನಿಂದ ಕೊಳ್ಳುವ ಮಾತುಕತೆ ಕೈಗೂಡದಿದ್ದಾಗ ಭಾರತ ಸೋವಿಯತ್ ಒಕ್ಕೂಟದತ್ತ ತಿರುಗಿತು. 1967ರ ಡಿಸೆಂಬರ್ 8ರಂದು ಬಾಲ್ಟಿಕ್ ಸಮುದ್ರದ ರಿಗಾ ಬಂದರಿನಲ್ಲಿ, ಕಮಾಂಡರ್ ಕೆ. ಎಸ್. ಸುಬ್ರಮಣಿಯನ್ ಅವರ ನೇತೃತ್ವದಲ್ಲಿ, ಕಲ್ವರಿ ಭಾರತದ ಸೇವೆಗೆ ಸೇರಿತು. ಇಂದಿಗೂ ಡಿಸೆಂಬರ್ 8 ನಮ್ಮ ನೌಕಾಪಡೆಯ ಜಲಾಂತರ್ಗಾಮಿ ದಿನ. ಆ ವರ್ಷದ ಅರಬ್-ಇಸ್ರೇಲ್ ಯುದ್ಧದಿಂದಾಗಿ ಸುಯೆಜ್ ಕಾಲುವೆ ಮುಚ್ಚಿತ್ತು. ಹಾಗಾಗಿ ಕಲ್ವರಿ ಇಡೀ ಆಫ್ರಿಕಾ ಖಂಡವನ್ನು ಬಳಸಿಕೊಂಡು 1968ರ ಜುಲೈನಲ್ಲಿ ವಿಶಾಖಪಟ್ಟಣ ತಲುಪಿತು. ಬೆನ್ನಿಗೇ ಖಂದೇರಿ, ಕರಂಜ್, ಕುರ್ಸುರಾ ಬಂದವು. ಇವು ನಾಲ್ಕೂ ಒಂದೇ ಅಚ್ಚಿನವು. ಪಾಶ್ಚಾತ್ಯರು ಆ ಅಚ್ಚಿಗೆ ‘ಫಾಕ್ಸ್‌ಟ್ರಾಟ್’ ಎಂದು ಹೆಸರಿಟ್ಟಿದ್ದರು.

ಉದ್ದ ಸುಮಾರು 91 ಮೀಟರ್. ನಮ್ಮ ಲೋಕಲ್ ಟ್ರೇನಿನ ನಾಲ್ಕು ಡಬ್ಬಿ ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅದರಲ್ಲಿ ಎಪ್ಪತ್ತೈದರಷ್ಟು ಜನ. ಡೊಂಬಿವಲಿ ಫಾಸ್ಟ್ ಹತ್ತುವ ನಮಗೆ ಇದೇನು ಗರ್ದಿ ಎನಿಸಬಹುದು. ಆದರೆ ಆ ಜಾಗದಲ್ಲೇ ಮೂರು ಡೀಸೆಲ್ ಇಂಜಿನ್, ವಿದ್ಯುತ್ ಮೋಟಾರುಗಳು, ನೆಲದಡಿಯ ಬ್ಯಾಟರಿಗಳು, ಮುಂದೆ ಆರು ಹಿಂದೆ ನಾಲ್ಕು ಟಾರ್ಪೆಡೊ ಕೊಳವೆಗಳು, ಒಟ್ಟು 22 ಟಾರ್ಪೆಡೊಗಳು. ಮೇಲಾಗಿ, ಇದು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವ ಗಾಡಿಯಲ್ಲ.

ಮೈ ಎರಡು ಪದರದ್ದು. ಒಳಗಿನ ಗಟ್ಟಿ ಪದರ ನೀರಿನ ಒತ್ತಡ ತಾಳುತ್ತದೆ. ಹೊರಪದರಕ್ಕೂ ಅದಕ್ಕೂ ನಡುವೆ ತೊಟ್ಟಿಗಳಿವೆ. ತೊಟ್ಟಿಗೆ ನೀರು ಬಿಟ್ಟರೆ ನೌಕೆ ಮುಳುಗುತ್ತದೆ. ಬಿಗಿದಿಟ್ಟ ಗಾಳಿಯನ್ನು ನುಗ್ಗಿಸಿ ಆ ನೀರನ್ನು ಹೊರದೂಡಿದರೆ ಏಳುತ್ತದೆ. ಆಳದಲ್ಲಿ ಗಾಳಿಯಿಲ್ಲದ ಕಾರಣ ಡೀಸೆಲ್ ಇಂಜಿನ್ ನಡೆಯದು. ಅಲ್ಲಿ ಬ್ಯಾಟರಿಯೇ ಗತಿ. ಬ್ಯಾಟರಿ ಇಳಿದಾಗ ಮೇಲಕ್ಕೆ ಬರಬೇಕು, ಇಲ್ಲವೇ ನೀರಿನ ಮೇಲೆ ಉಸಿರುಕೊಳವೆಯನ್ನಷ್ಟೇ ಚಾಚಿ ಇಂಜಿನ್ ಓಡಿಸಿ ಚಾರ್ಜ್ ಮಾಡಬೇಕು. ಶತ್ರುವಿನ ಕಣ್ಣಿಗೆ ಬೀಳುವ ಭಯ ಹೆಚ್ಚುವುದು ಆಗಲೇ.

ಕಾಕಾರ ಕೆಲಸ ಈ ಬ್ಯಾಟರಿಗಳದ್ದು. ಚಾರ್ಜ್ ಆಗುವಾಗ ಅವು ಹೈಡ್ರೋಜನ್ ಅನಿಲ ಬಿಡುತ್ತವೆ. ಅದು ಒಳಗೆ ಸೇರಿಕೊಂಡರೆ ಒಂದು ಕಿಡಿ ಸಾಕು. “ಗಾಳಿ ಸರಿಯಾಗಿ ಆಡ್ತದೋ ಇಲ್ಲೋ ನೋಡೋದು, ಬರಕೋಳೋದು. ಮತ್ತ ನೋಡೋದು, ಮತ್ತ ಬರಕೋಳೋದು. ಹದಿನೈದು ವರ್ಷ ನಾ ಮಾಡಿದ್ದು ಇಷ್ಟ,” ಎಂದರು. ಸಿಹಿನೀರು ಅಳೆದು ಕೊಡುವಷ್ಟು, ಸ್ನಾನದ ಮಾತೇ ಇಲ್ಲ. ಮೈಗೆಲ್ಲ ಡೀಸೆಲ್ ವಾಸನೆ.

ಇನ್ನು ಮುಳುಗಿಸುವ ಮಾತು. 1971ರ ಯುದ್ಧದ ಹೊತ್ತಿಗೆ ಕಾಕಾ ಇನ್ನೂ ಊರಲ್ಲಿ ಶಾಲೆಗೆ ಹೋಗುವ ಹುಡುಗ. ಆಗ ಅರಬ್ಬೀ ಸಮುದ್ರದಲ್ಲಿ ಪಾಕಿಸ್ತಾನದ ಕರಾವಳಿಯತ್ತ ಗಸ್ತು ಹೋದದ್ದು ಮೊದಲು ಕುರ್ಸುರಾ, ಆಮೇಲೆ ಕರಂಜ್. ಗುರುತು ಖಚಿತವಾಗದೆ ಯಾವ ಹಡಗಿನ ಮೇಲೂ ಟಾರ್ಪೆಡೊ ಬಿಡಬಾರದೆಂಬ ಕಟ್ಟುನಿಟ್ಟಿನ ಆಜ್ಞೆ ಅವಕ್ಕಿತ್ತು. ಅದು ನಾನಾ ದೇಶಗಳ ಸರಕು ಹಡಗುಗಳು ಓಡಾಡುವ ದಾರಿ. ಎರಡೂ ಒಂದು ಹಡಗನ್ನೂ ಮುಳುಗಿಸದೆ ಮರಳಿದವು.

ಜಲಾಂತರ್ಗಾಮಿಯ ಏಟು ಎಂಥದೆಂಬುದನ್ನು ಅದೇ ಡಿಸೆಂಬರ್ 9ರ ರಾತ್ರಿ ನಾವು ಅನುಭವಿಸಿದೆವು. ಪಾಕಿಸ್ತಾನದ ‘ಹಂಗೋರ್’ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಅಷ್ಟು ಶಕ್ತಿ ಕೈಯಲ್ಲಿದ್ದೂ, ಎದುರಿಗಿರುವುದು ಶತ್ರುವೇ ಎಂದು ತಿಳಿಯುವವರೆಗೆ ಕೈ ಬಿಗಿಹಿಡಿಯುವುದು ಸಣ್ಣ ಮಾತಲ್ಲ. ಯಾವುದೋ ದೇಶದ ಸರಕು ಹಡಗಿನಲ್ಲಿ ನಮ್ಮ ಕರಾವಳಿಯ ಹುಡುಗರೂ ದುಡಿಯುತ್ತಿರಬಹುದಲ್ಲ! ಕರಂಜ್‌ನ ನಾಯಕ ಕಮಾಂಡರ್ ವಿ. ಎಸ್. ಶೇಖಾವತ್ ಅವರಿಗೆ ಆ ಯುದ್ಧಕ್ಕಾಗಿ ವೀರಚಕ್ರ ಬಂತು. ಮುಂದೆ ಅವರು ನೌಕಾಪಡೆಯ ಮುಖ್ಯಸ್ಥರೂ ಆದರು.

ಇದನ್ನೆಲ್ಲ ನಾನು ಓದಿ ಹೇಳುತ್ತಿದ್ದಾಗ ಒಳಗಿನಿಂದ ಕಾಕು ಬಂದು ಕೂತರು. ಕಲ್ವರಿ 1996ರಲ್ಲಿ, ಕುರ್ಸುರಾ 2001ರಲ್ಲಿ, ಕರಂಜ್ 2003ರಲ್ಲಿ ನಿವೃತ್ತವಾದವು. ಅವುಗಳಲ್ಲಿ ಕುರ್ಸುರಾವನ್ನು ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ದಡಕ್ಕೆಳೆದು 2002ರಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕಾಕು ಒಮ್ಮೆ ಕಾಕಾರ ಜೊತೆ ಅಲ್ಲಿಗೆ ಹೋಗಿದ್ದರಂತೆ. “ಟಾರ್ಪೆಡೊ ಪಕ್ಕದಾಗ ಮಲಗೋ ಹಲಗಿ ತೋರಿಸಿದ್ರು. ಹೊಳ್ಳಲಿಕ್ಕೂ ಜಾಗಾ ಇಲ್ಲ. ಇವರು ತಿಂಗಳಗಟ್ಟಲೆ ಎಲ್ಲಿ ಹೋಗ್ತಾರ, ಯಾವಾಗ ಬರ್ತಾರ, ನನಗ ಏನೂ ಗೊತ್ತಿರತಿರಲಿಲ್ಲ. ಕೂಸಿಗೆ ಜ್ವರ ಬಂದ್ರ ಯಾರಿಗೆ ಹೇಳೋದು? ಅಲ್ಲಿ ನಿಂತು ಅತ್ತಬಿಟ್ಟೆ,” ಎಂದರು. ಕಾಕಾ ಕಪ್ಪಿನ ತಳ ನೋಡುತ್ತ ಕೂತಿದ್ದರು.

ಆಮೇಲೆ ನಿಧಾನಕ್ಕೆ ಹೇಳಿದರು: “ಎಷ್ಟು ಸಲ ಮುಳಗಿದ್ವಿ, ಅಷ್ಟು ಸಲ ಎದ್ದೀವಿ. ನಮ್ಮ ಲೆಕ್ಕ ಅದ.”

ಮೊಮ್ಮಗ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ.

ಹಳೆಯ ನೌಕೆಗಳು ಹೋದರೂ ಹೆಸರುಗಳು ಹೋಗಲಿಲ್ಲ. ನಮ್ಮ ಮಜಗಾಂವ್ ಡಾಕ್‌ನಲ್ಲೇ ಕಟ್ಟಿದ ಹೊಸ ಕಲ್ವರಿ 2017ರಲ್ಲಿ ಸೇವೆಗೆ ಬಂತು. 2021ರ ಮಾರ್ಚ್ 10ರಂದು ಮುಂಬಯಿಯಲ್ಲಿ ಹೊಸ ಕರಂಜ್ ಸೇವೆಗೆ ಸೇರಿದಾಗ ಮುಖ್ಯ ಅತಿಥಿಯಾಗಿ ಬಂದಿದ್ದವರು ಹಳೆಯ ಕರಂಜ್‌ನ ಅದೇ ಅಡ್ಮಿರಲ್ ಶೇಖಾವತ್. ಟಿವಿಯಲ್ಲಿ ಆ ಸುದ್ದಿ ನೋಡುತ್ತ ಕಾಕಾ ಒಬ್ಬರೇ ಎದ್ದು ನಿಂತಿದ್ದರು ಎಂದು ಕಾಕು ಹೇಳಿದರು.

ಹೋದ ವಾರ ಹುಡುಗ ತನ್ನ ಪ್ರಾಜೆಕ್ಟ್ ತಂದು ತೋರಿಸಿದ. ಜಲಾಂತರ್ಗಾಮಿಯ ಚಿತ್ರ ದೊಡ್ಡದಾಗಿತ್ತು. ಟಾರ್ಪೆಡೊಗಳಿಗೆ ಬಣ್ಣ ಹಚ್ಚಿರಲಿಲ್ಲ. ನೆಲದಡಿಯ ಬ್ಯಾಟರಿ ಮಾತ್ರ ಕೆಂಪಗಿತ್ತು. ಪಕ್ಕದಲ್ಲಿ ಬಾಣದ ಗುರುತು ಹಾಕಿ ‘ನಮ್ಮ ಅಜ್ಜ ಇಲ್ಲಿ’ ಎಂದು ಬರೆದಿದ್ದ.

ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಜಾಗಾ ಸರಿ ಅದ,” ಎಂದರು.