ಪೆಟ್ಟಿಗೆಯೊಳಗಿನ ಕರೆಂಟಿನಲ್ಲಿ ಅಜ್ಜಿಯ ಪಾಲು

ಗುಂಡ್ಲುಪೇಟೆ ಕಡೆಯವರಿಗೆ ಏಪ್ರಿಲ್ ತಿಂಗಳ ಮಳೆಯೆಂದರೆ ಸಂತೋಷವೂ ಹೌದು, ಭಯವೂ ಹೌದು. ಬಂಡೀಪುರದ ಕಾಡಿಗೆ, ಒಣಗಿದ ಕೆರೆಗೆ ಆ ಮಳೆ ಬೇಕು. ಆದರೆ ಅದು ಗಾಳಿಯನ್ನು ಕಟ್ಟಿಕೊಂಡೇ ಬರುತ್ತದೆ. ಗೊನೆ ಬಿಟ್ಟ ಬಾಳೆ ನೆಲ ಕಚ್ಚುತ್ತದೆ, ರಸ್ತೆ ಬದಿಯ ಮರ ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಲೈನ್‌ಮನ್‌ಗಳು ಮಳೆಯಲ್ಲಿ ನೆನೆದುಕೊಂಡೇ ಕಂಬ ಹತ್ತುತ್ತಾರೆ. ಆದರೂ ಹತ್ತು ಕಂಬ ಬಿದ್ದ ಕಡೆ ಒಂದು ರಾತ್ರಿಯಲ್ಲಿ ಎಷ್ಟು ಕೆಲಸ ಆದೀತು?

ಎರಡು ವರ್ಷದ ಹಿಂದೆ ಅಂಥದೊಂದು ರಾತ್ರಿ ನನ್ನ ಹೆಂಡತಿಗೆ ಉಬ್ಬಸ ಹೆಚ್ಚಾಯಿತು. ಔಷಧಿಯನ್ನು ಹಬೆಯಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಮನೆಯಲ್ಲಿತ್ತು. ಔಷಧಿಯೂ ಇತ್ತು. ಇಲ್ಲದ್ದು ಕರೆಂಟು ಮಾತ್ರ. ಮನೆಯ ಹಳೆಯ ಇನ್‌ವರ್ಟರ್ ಬ್ಯಾಟರಿ ಆ ಹೊತ್ತಿಗೆ ಸತ್ತು ಆರು ತಿಂಗಳಾಗಿತ್ತು. ನಾಳೆ ನಾಳೆ ಎಂದು ನಾನೇ ಮುಂದೂಡಿದ್ದೆ. ಮಳೆಯಲ್ಲೇ ಆಟೋ ಹುಡುಕಿ ಆಸ್ಪತ್ರೆಗೆ ಹೋದೆವು. ಬೆಳಗ್ಗೆ ವಾಪಸು ಬಂದಾಗ ಅವಳು ಹೇಳಿದ್ದು ಒಂದೇ ಮಾತು: "ಸೀಮೆಎಣ್ಣೆ ಕಾಲದಲ್ಲಿ ನಾನು ಒಂದು ದಿನನೂ ಕತ್ತಲಲ್ಲಿ ಕೂತಿರ್ಲಿಲ್ಲ ಕನ್ರಿ."

ಆ ಮಾತು ಮನಸ್ಸಿನಲ್ಲಿ ನಿಂತಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಮೊಮ್ಮಗ ಚಾಮರಾಜನಗರದಲ್ಲಿ ಎಂಟನೇ ತರಗತಿ ಓದುತ್ತಾನೆ. ಶನಿವಾರ ಮಧ್ಯಾಹ್ನ ತೆರಕಣಾಂಬಿ ಮೇಲೆ ಬರುವ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಾನೆ. ಆ ವಾರ ಬಂದವನೇ "ತಾತ, ಕೈಯಲ್ಲಿ ಎತ್ತಿಕೊಂಡು ಹೋಗೋ ಕರೆಂಟ್ ಪೆಟ್ಟಿಗೆ ನಾವೇ ಮಾಡೋಣ" ಎಂದ.

ಎತ್ತಿಕೊಂಡು ಹೋಗುವಂಥದೇ ಏಕೆ?

ಹಂಗಳದ ಕಡೆ ನಮಗೊಂದಿಷ್ಟು ಜಮೀನಿದೆ. ಅರಿಸಿನ ಕೀಳುವ ಕಾಲಕ್ಕೆ ನಾವಿಬ್ಬರೂ ಅಲ್ಲಿನ ಚಿಕ್ಕ ಮನೆಯಲ್ಲೇ ಇರುತ್ತೇವೆ. ಮನೆಯ ಇನ್‌ವರ್ಟರಿಗೆ ಹಾಕುವ ಸೀಸ ಮತ್ತು ಆಮ್ಲದ ದೊಡ್ಡ ಬ್ಯಾಟರಿ ಐವತ್ತು ಕೆ.ಜಿ. ದಾಟುತ್ತದೆ. ಈ ವಯಸ್ಸಿನಲ್ಲಿ ಅದನ್ನು ಹೊರುವುದುಂಟೆ? ಲಿಥಿಯಂ ಬ್ಯಾಟರಿಯಾದರೆ ಅಷ್ಟೇ ಕರೆಂಟಿಗೆ ತೂಕ ಮೂರರಲ್ಲೊಂದು ಪಾಲೂ ಇರದು. ಹೊರದೇಶಗಳಲ್ಲಿ ಕಯಾಕ್ ಎಂಬ ಕಿರುದೋಣಿಯಲ್ಲಿ ದಿನಗಟ್ಟಲೆ ನದಿ ಸುತ್ತುವವರು ಇಂಥ ಪೆಟ್ಟಿಗೆಯನ್ನು ನೀರು ನುಗ್ಗದ ಚೀಲದಲ್ಲಿಟ್ಟು ಜೊತೆಗೇ ಒಯ್ಯುತ್ತಾರೆ. ನಮಗೆ ದೋಣಿ ಇಲ್ಲ, ಸ್ಕೂಟರ್ ಇದೆ.

ಮೊದಲ ವಾರವೇ ಒಂದು ತಪ್ಪು ಮಾಡಿದೆವು. ಬೆರಳು ಗಾತ್ರದ ಅಗ್ಗದ ಲಿಥಿಯಂ ಸೆಲ್‌ಗಳನ್ನು ಅಂಗಡಿಯೊಂದರಿಂದ ತಂದೆವು. ಅವಕ್ಕೆ 18650 ಎಂದು ಹೆಸರು. ಅಂದರೆ ಅಡ್ಡಗಲ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್. ಮೇಲೆ 9,900 ಮಿಲಿ ಆಂಪಿಯರ್ ಅವರ್ ಎಂದು ಅಚ್ಚಾಗಿತ್ತು. ಆ ಗಾತ್ರದ ಒಳ್ಳೆಯ ಸೆಲ್‌ನಲ್ಲೇ ಸಾಮಾನ್ಯವಾಗಿ 3,500ರ ಆಸುಪಾಸು ಹಿಡಿಯುತ್ತದೆ! ಪಾವಿನಲ್ಲಿ ಸೇರು ತುಂಬಿದೆ ಎಂದ ಹಾಗೆ. ಚಾರ್ಜ್ ಮಾಡುವಾಗ ಒಂದು ಸೆಲ್ ಕೈ ಸುಡುವಷ್ಟು ಬಿಸಿಯಾಯಿತು. ತಕ್ಷಣ ಚಾರ್ಜರ್ ಕಿತ್ತು, ಅದನ್ನು ಅಂಗಳದ ಮರಳಿನ ಮೇಲಿಟ್ಟು, ಎಲ್ಲರೂ ದೂರ ನಿಂತೆವು. ಪುಣ್ಯಕ್ಕೆ ಏನೂ ಆಗಲಿಲ್ಲ. ಆ ಅಧ್ಯಾಯ ಅಲ್ಲಿಗೇ ಮುಗಿಯಿತು.

97ರ ವಯಸ್ಸಿನ ನೊಬೆಲ್

ಆಮೇಲೆ ನಾವು ಆರಿಸಿಕೊಂಡದ್ದು ಲಿಥಿಯಂನಲ್ಲೇ ಇನ್ನೊಂದು ಬಗೆ, ಲಿಥಿಯಂ ಐರನ್ ಫಾಸ್ಫೇಟ್. ಇದರ ಕಥೆ ಮಕ್ಕಳಿಗೂ ನನ್ನಂಥ ಮುದುಕರಿಗೂ ಗೊತ್ತಿರಬೇಕಾದ್ದು.

ಲಿಥಿಯಂ ಬ್ಯಾಟರಿಯ ಒಳಗೆ ಎರಡು ಮನೆಗಳಿವೆ ಎಂದುಕೊಳ್ಳಿ. ಚಾರ್ಜ್ ಮಾಡುವಾಗ ಲಿಥಿಯಂ ಕಣಗಳು ಈ ಮನೆಯಿಂದ ಆ ಮನೆಗೆ ಹೋಗುತ್ತವೆ. ಬಳಸುವಾಗ ಮತ್ತೆ ಈಚೆಗೆ ಬರುತ್ತವೆ, ಜೋಕಾಲಿಯ ಹಾಗೆ. ಅವು ಒಳದಾರಿಯಲ್ಲಿ ಬರುವಾಗ ಎಲೆಕ್ಟ್ರಾನುಗಳು ಹೊರಗಿನ ತಂತಿಯ ದಾರಿ ಹಿಡಿಯುತ್ತವೆ. ಆ ತಂತಿಯ ನಡುವೆ ಬಲ್ಬು ಇಟ್ಟರೆ ಬೆಳಕು, ಫ್ಯಾನ್ ಇಟ್ಟರೆ ಗಾಳಿ.

ಇಂಥ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಬುನಾದಿ ಹಾಕಿದ ಸ್ಟ್ಯಾನ್ಲಿ ವಿಟ್ಟಿಂಗ್‌ಹ್ಯಾಮ್, ಜಾನ್ ಗುಡ್‌ಇನಫ್, ಅಕಿರಾ ಯೊಶಿನೊ ಮೂವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಸಿಕ್ಕಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ನೊಬೆಲ್ ಪಡೆದವರಲ್ಲೆಲ್ಲ ಅವರೇ ಹಿರಿಯರು. ಐರನ್ ಫಾಸ್ಫೇಟ್ ಬಗೆಯ ಬ್ಯಾಟರಿಗೆ ದಾರಿ ತೋರಿದ ಪ್ರಬಂಧವನ್ನು ಅವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಪ್ರಕಟಿಸಿದರು, ತಮ್ಮ 74ನೇ ವಯಸ್ಸಿನಲ್ಲಿ. ಮೈಸೂರಿನಿಂದ ಬೇರೆಯಾಗಿ ನಮ್ಮ ಚಾಮರಾಜನಗರ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಆ ಪ್ರಬಂಧಕ್ಕೆ ಮೂವರು ಲೇಖಕರು: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ, ಗುಡ್‌ಇನಫ್. ನಡುವಿನ ಹೆಸರು ಓದಿದ ಮೊಮ್ಮಗ "ತಾತ, ನಮ್ಮ ಕ್ಲಾಸಲ್ಲೂ ಒಬ್ಬ ನಂಜುಂಡಸ್ವಾಮಿ ಇದಾನೆ!" ಎಂದು ಕುಣಿದ.

ಈ ಬಗೆಯಲ್ಲಿ ಆಮ್ಲಜನಕವು ರಂಜಕದ ಜೊತೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಬಿಸಿಯಾದರೂ ಸುಲಭಕ್ಕೆ ಹೊರಗೆ ಬಂದು ಬೆಂಕಿಗೆ ಜೊತೆ ಕೊಡುವುದಿಲ್ಲ. ಅದಕ್ಕೇ ಇದು ಹೆಚ್ಚು ಸುರಕ್ಷಿತ. ಹಾಗೆಂದು ಬೆಂಕಿಯೇ ಹತ್ತದು ಎಂದಲ್ಲ. ಸರಿಯಾಗಿ ನೋಡಿಕೊಂಡರೆ ಎರಡು ಸಾವಿರಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದು.

ಮೊದಲು ಫ್ಯೂಸ್, ಆಮೇಲೆ ಮಿಕ್ಕಿದ್ದು

ಚಾಮರಾಜನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಕೆಲಸ ನಡೆದದ್ದು ಅವನ ಅಂಗಡಿಯಲ್ಲೇ. "ಮೇಷ್ಟ್ರೇ, ಮೊದ್ಲು ಫ್ಯೂಸ್ ಎಲ್ಲಿ ಅಂತ ಗೊತ್ತು ಮಾಡಿ, ಆಮೇಲೆ ಮಿಕ್ಕಿದ್ದೆಲ್ಲ" ಎಂದ. ಪಾಠ ಹೇಳುವ ಸರದಿ ಅವನದಾಗಿತ್ತು.

ಒಂದೊಂದು ಸೆಲ್ 3.2 ವೋಲ್ಟ್, 50 ಆಂಪಿಯರ್ ಅವರ್. ಅಂಥ ನಾಲ್ಕನ್ನು ಸಾಲಾಗಿ ಜೋಡಿಸಿದರೆ 12.8 ವೋಲ್ಟ್. 12.8ನ್ನು 50ರಿಂದ ಗುಣಿಸಿದರೆ 640. ಇದೇ ನಮ್ಮ ಪೆಟ್ಟಿಗೆಯ ಹೊಟ್ಟೆ: 640 ವ್ಯಾಟ್ ಅವರ್.

ಜೋಡಿಸುವ ಮೊದಲು ನಾಲ್ಕೂ ಸೆಲ್‌ಗಳ ವೋಲ್ಟ್ ಒಂದೇ ಇದೆಯೇ ಎಂದು ನೋಡಬೇಕು. ನೊಗಕ್ಕೆ ಕಟ್ಟುವ ಎತ್ತುಗಳು ಸಮನಾಗಿರಬೇಕಲ್ಲ, ಹಾಗೆ. ಸೆಲ್‌ಗಳ ಮೇಲೆ ಬಿ.ಎಂ.ಎಸ್. ಎಂಬ ಕಾವಲು ಬೋರ್ಡು ಕೂರುತ್ತದೆ. ಯಾವುದೇ ಸೆಲ್ 3.65 ವೋಲ್ಟ್ ಮೀರಿದರೆ ಚಾರ್ಜ್ ನಿಲ್ಲಿಸುತ್ತದೆ, 2.5ಕ್ಕಿಂತ ಇಳಿದರೆ ಬಳಕೆ ನಿಲ್ಲಿಸುತ್ತದೆ. ಬ್ಯಾಟರಿಯ ಪಾಸಿಟಿವ್ ತಂತಿಗೆ ಆದಷ್ಟು ಹತ್ತಿರದಲ್ಲಿ 40 ಆಂಪಿಯರ್ ಫ್ಯೂಸ್. ಅದಾದ ಮೇಲೆ 300 ವ್ಯಾಟಿನ ಸೈನ್ ವೇವ್ ಇನ್‌ವರ್ಟರ್, ಮೊಬೈಲ್ ಚಾರ್ಜಿಗೆ ಯು.ಎಸ್.ಬಿ., 12 ವೋಲ್ಟಿನ ದೀಪಕ್ಕೂ ಫ್ಯಾನಿಗೂ ಬೇರೆ ಸಾಕೆಟ್. ಅಗ್ಗದ ಇನ್‌ವರ್ಟರಿನ ಚೌಕಾಕಾರದ ಅಲೆಗೆ ನೆಬ್ಯುಲೈಸರಿನ ಮೋಟಾರ್ ಗೊರಗೊರ ಎಂದು ನರಳಿ ಬಿಸಿಯಾಗುತ್ತಿತ್ತು. ಅದಕ್ಕೇ ಸೈನ್ ವೇವ್.

ಸ್ಪ್ಯಾನರಿನ ಹಿಡಿಗೆಲ್ಲ ಶಿಷ್ಯ ಟೇಪು ಸುತ್ತಿದ್ದ. ಎರಡು ತುದಿಗೆ ಸ್ಪ್ಯಾನರ್ ಒಟ್ಟಿಗೇ ತಾಗಿದರೆ ನೂರಾರು ಆಂಪಿಯರ್ ಹರಿದು ಕಬ್ಬಿಣ ಅಲ್ಲೇ ಕೆಂಪಗಾಗುತ್ತದೆ. ಮೊಮ್ಮಗನ ಕೆಲಸ ವೋಲ್ಟ್ ಅಳೆದು ಬರೆದುಕೊಳ್ಳುವುದು, ತಂತಿಗೆ ಚೀಟಿ ಅಂಟಿಸುವುದು ಅಷ್ಟೇ. ಮಕ್ಕಳೇ, ಇದನ್ನು ನೀವೇ ಮಾಡಲು ಹೋಗಬೇಡಿ. ಕೆಲಸ ಬಲ್ಲ ದೊಡ್ಡವರು ಪಕ್ಕದಲ್ಲಿ ಇರಲೇಬೇಕು.

ಎಲ್ಲ ಸೇರಿ ತೂಕ ಒಂಬತ್ತು ಕೆ.ಜಿ., ಖರ್ಚು ಹದಿನೆಂಟು ಸಾವಿರದ ಹತ್ತಿರ. ಜಮೀನಿನ ಮನೆಯ ಚಾವಣಿಗೆ 100 ವ್ಯಾಟಿನ ಸೋಲಾರ್ ಫಲಕವನ್ನೂ, ಈ ಬಗೆಯ ಲಿಥಿಯಂಗೆ ಹೊಂದುವ ಚಾರ್ಜ್ ಕಂಟ್ರೋಲರನ್ನೂ ಬೇರೆಯಾಗಿ ಹಾಕಿಸಿದೆವು. ಒಳ್ಳೆಯ ಬಿಸಿಲಿದ್ದ ದಿನ ಅದರಿಂದ 400ರ ಹತ್ತಿರ ತುಂಬುತ್ತದೆ.

ಅಜ್ಜಿಯ ಕಡ್ಡಿ

ಪೆಟ್ಟಿಗೆ ಮನೆಗೆ ಬಂದ ದಿನ ಮೊಮ್ಮಗ ಅಜ್ಜಿಗೆ ವ್ಯಾಟ್ ಅವರ್ ಪಾಠ ಶುರು ಮಾಡಿದ. 10 ವ್ಯಾಟಿನ ದೀಪ ಒಂದು ಗಂಟೆ ಉರಿದರೆ 10, ಐದು ಗಂಟೆ ಉರಿದರೆ 50. ಅವಳು ನಕ್ಕಳು.

"ಅದೇನ್ ಮಹಾ ಲೆಕ್ಕ ಮಗ? ತಿಂಗಳಿಗೆ ಇಷ್ಟು ಲೀಟರ್ ಸೀಮೆಎಣ್ಣೆ ಅಂತ ಕೊಡೋರು. ಅಡುಗೆಮನೆ ಬುಡ್ಡಿಗೆ ಇಷ್ಟು, ನಿಮ್ಮಪ್ಪ ಓದೋ ಲಾಂದ್ರಕ್ಕೆ ಇಷ್ಟು, ಹಸು ಕರು ಹಾಕೋ ರಾತ್ರಿಗೆ ಅಂತ ಒಂದ್ ಬಾಟ್ಲು ಬೇರೆ. ಆ ಬಾಟ್ಲು ಮಾತ್ರ ಯಾರೂ ಮುಟ್ಟಂಗಿಲ್ಲ. ಡಬ್ಬದಲ್ಲಿ ಎಷ್ಟದೆ ಅಂತ ಕಡ್ಡಿ ಅದ್ದಿ ನೋಡ್ತಿದ್ದೆ."

ನಾನು ಮೂವತ್ತು ವರ್ಷ ಹೇಳಿದ ಪಾಠವನ್ನು ಅವಳು ಅರವತ್ತು ವರ್ಷದಿಂದ ಮಾಡುತ್ತಲೇ ಬಂದಿದ್ದಳು!

ನಮ್ಮ ಪೆಟ್ಟಿಗೆಗೂ ಒಂದು ಕಡ್ಡಿ ಬೇಕಿತ್ತು. ಐರನ್ ಫಾಸ್ಫೇಟ್ ಸೆಲ್‌ನ ಒಂದು ಗುಣವೆಂದರೆ, ಮುಕ್ಕಾಲು ಖಾಲಿಯಾಗುವವರೆಗೂ ವೋಲ್ಟ್ 13ರ ಆಸುಪಾಸೇ ನಿಂತಿರುತ್ತದೆ. ವೋಲ್ಟ್ ನೋಡಿದರೆ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ. ಅದಕ್ಕೆ ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಎಣಿಸುವ ಮೀಟರ್ ಕೂರಿಸಿದೆವು.

ಆಮೇಲೆ ಅಜ್ಜಿಯ ಬಾಟಲಿಯ ಲೆಕ್ಕ. ನೆಬ್ಯುಲೈಸರ್ 120 ವ್ಯಾಟ್. ಒಂದು ಸಲಕ್ಕೆ ಕಾಲು ಗಂಟೆ, ಅಂದರೆ 30 ವ್ಯಾಟ್ ಅವರ್. ಇನ್‌ವರ್ಟರಿನಲ್ಲಿ ನಷ್ಟವಾಗುವುದನ್ನೂ ಸೇರಿಸಿದರೆ 35. ನಾಲ್ಕು ಸಲಕ್ಕೆ 140. ಸೆಲ್‌ಗಳನ್ನು ಪೂರ್ತಿ ಖಾಲಿ ಮಾಡಬಾರದೆಂದು ತಳದಲ್ಲಿ ಅರವತ್ತು. ಒಟ್ಟು 200. ಮೊಮ್ಮಗ ಮೀಟರಿನ ಪಕ್ಕ ಕೆಂಪು ಶಾಯಿಯಲ್ಲಿ ಬರೆದ: "200 ಬಂದರೆ ಎಲ್ಲಾ ಬಂದ್. ಮಿಕ್ಕದ್ದು ಅಜ್ಜಿಯ ಪಾಲು."

ಇನ್ನೊಂದು ಪಾಠ ಮೀಟರೇ ಕಲಿಸಿತು. ಒಂದು ರಾತ್ರಿ ಏನೂ ಬಳಸದೆ ಇನ್‌ವರ್ಟರ್ ಮಾತ್ರ ಆನ್ ಮಾಡಿ ಮರೆತಿದ್ದೆವು. ಬೆಳಗ್ಗೆ ನೋಡಿದರೆ 80 ಮಾಯ! ಕೆಲಸವಿಲ್ಲದೆ ಸುಮ್ಮನೆ ಕೂರುವುದಕ್ಕೂ ಇನ್‌ವರ್ಟರ್ ಕರೆಂಟು ತಿನ್ನುತ್ತದೆ. ಅಂದಿನಿಂದ ದೀಪ, ಫ್ಯಾನ್, ಮೊಬೈಲ್ ಎಲ್ಲ 12 ವೋಲ್ಟಿನಲ್ಲೇ. ಇನ್‌ವರ್ಟರ್ ನೆಬ್ಯುಲೈಸರಿಗೆ ಮಾತ್ರ.

ಮೈನಸ್ ಮೂವತ್ತು

ಈ ವರ್ಷದ ಮೇ ತಿಂಗಳಲ್ಲಿ ಪರೀಕ್ಷೆ ಬಂತು, ಮೊಮ್ಮಗನಿಗೂ ಪೆಟ್ಟಿಗೆಗೂ. ಸಂಜೆ ಐದಕ್ಕೆ ಬಿರುಗಾಳಿ ಬಂದು ಕರೆಂಟು ಹೋಯಿತು. ಆ ರಾತ್ರಿ ಟೀವಿಯಲ್ಲಿ ಅವನು ವಾರದಿಂದ ಕಾದಿದ್ದ ಕ್ರಿಕೆಟ್ ಪಂದ್ಯ. ಮೀಟರಿನಲ್ಲಿ 640 ಪೂರ್ತಿ ಇದೆ.

"ತಾತ, ಒಂದೇ ಒಂದು ಮ್ಯಾಚ್..." ಎಂದ. "ಲೆಕ್ಕ ಹಾಕು" ಎಂದೆ.

ಟೀವಿ, ಸೆಟ್ ಟಾಪ್ ಬಾಕ್ಸ್ ಸೇರಿ 70 ವ್ಯಾಟ್, ನಾಲ್ಕು ಗಂಟೆ, ನಷ್ಟ ಬೇರೆ: 320. ದೀಪಕ್ಕೆ 50, ಎರಡು ಮೊಬೈಲಿಗೆ 30, ರಾತ್ರಿಯಿಡೀ ಅಜ್ಜಿಯ ಫ್ಯಾನಿಗೆ 120. ಎಲ್ಲ ಕಳೆದರೆ 120. ಕೆಂಪು ಗೆರೆಯ ಕೆಳಗೆ! ಅವನ ಮುಖ ಸಣ್ಣದಾಯಿತು. ಅಜ್ಜಿ "ನೋಡ್ಕಳ್ಲಿ ಬುಡಿ, ನಂಗೇನೂ ಆಗಲ್ಲ" ಎಂದಳು. ಅವನೇ ಬೇಡವೆಂದು ಪುಸ್ತಕ ಮುಚ್ಚಿದ. ಮೊಬೈಲಿನಲ್ಲಿ ಆಗಾಗ ಸ್ಕೋರ್ ನೋಡಿ ಮಲಗಿದ.

ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದ ಸದ್ದು. ಹಿಂದಿನ ಬೀದಿಯ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಮಗುವಿನ ಎದೆ ಗುಯ್ ಎನ್ನುತ್ತಿತ್ತು. ಡಾಕ್ಟರು ಮೊದಲೇ ಬರೆದುಕೊಟ್ಟಿದ್ದ ಔಷಧಿ, ಮಗುವಿನದೇ ಮಾಸ್ಕು, ಮಿಷನ್ ಎಲ್ಲ ತಂದಿದ್ದಳು. ಅವರಿಗೂ ಇಲ್ಲದ್ದು ಕರೆಂಟು ಮಾತ್ರ.

ನಾನು ಮೀಟರ್ ನೋಡುವ ಮೊದಲೇ ನನ್ನ ಹೆಂಡತಿ ಎದ್ದು ಇನ್‌ವರ್ಟರಿನ ಗುಂಡಿ ಒತ್ತಿದ್ದಳು. "ನನ್ನ ಪಾಲಲ್ವಾ, ನಾನ್ ಕೊಡ್ತೀನಿ." ಆಗೊಮ್ಮೆ, ನಸುಕಿಗೊಮ್ಮೆ ಮಗುವಿಗೆ ಔಷಧಿ ಹೋಯಿತು. ಉಸಿರು ಹಗುರಾಗಿ ಮಗು ತಾಯಿಯ ತೊಡೆಯ ಮೇಲೆ ನಿದ್ದೆಹೋಯಿತು. ಬೆಳಕು ಹರಿಯುತ್ತಲೇ ಅವರನ್ನು ಆಸ್ಪತ್ರೆಗೆ ಕಳಿಸಿದೆವು. ಇದನ್ನು ಎಲ್ಲರೂ ನೆನಪಿಡಿ: ಉಸಿರಾಟದ ತೊಂದರೆ ಇಳಿಯದಿದ್ದರೆ ಯಾವ ಪೆಟ್ಟಿಗೆಯನ್ನೂ ನಂಬಿ ಕೂರಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು.

ಕರೆಂಟು ಬಂದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಅಷ್ಟರಲ್ಲಿ ಅಜ್ಜಿಗೂ ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ನೆಬ್ಯುಲೈಸರ್ ಆಗಿತ್ತು. ಮೀಟರಿನಲ್ಲಿ 290 ಉಳಿದಿತ್ತು. ಮೊಮ್ಮಗ ತನ್ನ ಪುಸ್ತಕ ತೆಗೆದು ಒಂದು ಕಳೆಯುವ ಲೆಕ್ಕ ಮಾಡಿ ನನ್ನ ಮುಂದಿಟ್ಟ. 290ರಲ್ಲಿ ಟೀವಿಯ 320 ಕಳೆದಿದ್ದ. ಉತ್ತರ ಮೈನಸ್ 30. ಅವನು ಏನೂ ಹೇಳಲಿಲ್ಲ. ನಾನೂ ಏನೂ ಕೇಳಲಿಲ್ಲ.

ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ಹುಟ್ಟಿದ್ದು 1902ರಲ್ಲಿ. ಅದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಹತ್ತಿರದ ಹಳ್ಳಿಗಳು ಆಮೇಲೆಯೂ ಎಷ್ಟೋ ವರ್ಷ ಬುಡ್ಡಿ ದೀಪದಲ್ಲೇ ಇದ್ದವು. ಆ ಬುಡ್ಡಿಯ ಮುಂದೆ ಕೂತು ಓದಿದವನು ನಾನೂ ಒಬ್ಬ. ಈಗ ಬೇಕಾದಷ್ಟು ಕರೆಂಟಿದೆ ಎಂದು ಎಣಿಸುವುದನ್ನೇ ಮರೆತಿದ್ದೇವೆ. ಪೆಟ್ಟಿಗೆ ನಮ್ಮ ಮನೆಗೆ ಆ ಎಣಿಕೆಯನ್ನು ವಾಪಸು ತಂದಿತು.

ಕೆಂಪು ಶಾಯಿಯ ಬರಹವನ್ನು ಮೊಮ್ಮಗ ಹೋದ ವಾರ ತಿದ್ದಿದ್ದಾನೆ. "200" ಇದ್ದ ಕಡೆ ಈಗ "270" ಎಂದಿದೆ. ಏಕೆ ಎಂದು ಕೇಳಿದೆ.

"ಹಿಂದಿನ ಬೀದಿ ಪಾಪುಗೆ ಎರಡು ಸಲ, ತಾತ" ಎಂದ.