ಹೆರ್ತೆ ನದಿಯ ಗುಂಟ ಸೈಕಲ್ ದಾರಿ

ಬೆಟ್ಟದಿಂದ ಇಳಿಯುವ ನದಿಗಳು ಸಾಮಾನ್ಯವಾಗಿ ಬಳುಕುತ್ತ ಹೋಗುತ್ತವೆ. ಸ್ಪೇನಿನ ಪಶ್ಚಿಮಕ್ಕಿರುವ ಎಕ್ಸ್‌ಟ್ರೆಮದೂರಾ ಪ್ರದೇಶದ ಹೆರ್ತೆ ನದಿ ಹಾಗಲ್ಲ. ನಕ್ಷೆಯಲ್ಲಿ ನೋಡಿದರೆ ಯಾರೋ ಹಗ್ಗ ಎಳೆದು ಗುರುತು ಹಾಕಿದಂತೆ ಅದು ಈಶಾನ್ಯದಿಂದ ನೈಋತ್ಯಕ್ಕೆ ನೇರವಾಗಿ ಇಳಿಯುತ್ತದೆ. ಕಾರಣ ನೆಲದಡಿಯಲ್ಲಿದೆ. ಪೋರ್ಚುಗಲ್‌ನ ದಕ್ಷಿಣ ತುದಿಯಿಂದ ಸ್ಪೇನಿನ ಆವಿಲಾ ಸೀಮೆಯವರೆಗೆ, 500 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಭೂಮಿ ಬಿರುಕುಬಿಟ್ಟಿದೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಆ ಬಿರುಕಿನೊಳಗೆ ಕರಗಿದ ಶಿಲೆ ಉಕ್ಕಿ ಬಂದು ಗಟ್ಟಿಯಾಯಿತು. ಆಮೇಲೆ ಬಿರುಕಿನ ಗುಂಟ ಸಡಿಲಗೊಂಡಿದ್ದ ಕಲ್ಲನ್ನು ನೀರು ಕೊರೆಯುತ್ತ ಹೋಗಿ, ಎರಡು ಬೆಟ್ಟಸಾಲುಗಳ ನಡುವೆ ಈ ಕಣಿವೆ ಮೂಡಿತು.

ಭೂವಿಜ್ಞಾನದ ಈ ಸಂಗತಿ ಸೈಕಲ್ ಸವಾರನಿಗೆ ನೇರವಾಗಿ ಕಾಲಿಗೇ ತಿಳಿಯುತ್ತದೆ. ಕಣಿವೆಯ ಬುಡದಲ್ಲಿರುವ ಪ್ಲಾಸೆನ್ಸಿಯಾ ಪಟ್ಟಣದಿಂದ ತುದಿಯ ತೋರ್ನವಾಕಾಸ್ ಘಾಟಿಗೆ ಸುಮಾರು 50 ಕಿ.ಮೀ. ದೂರ. ಘಾಟಿಯ ನೆತ್ತಿ ಇರುವುದು 1,274 ಮೀಟರ್ ಎತ್ತರದಲ್ಲಿ. ಆದರೆ ದಾರಿಯ ಬಹುಪಾಲು ನದಿಯ ಜೊತೆಯಲ್ಲೇ ಹೋಗುವುದರಿಂದ ನವಕೊನ್ಸೆಹೊ, ಕಬೆಸುಯೆಲಾ, ಹೆರ್ತೆ ಊರುಗಳನ್ನು ದಾಟುವವರೆಗೂ ಏರು ಬಹಳ ನಿಧಾನ. ನಿಜವಾದ ಘಟ್ಟ ಶುರುವಾಗುವುದು ಕೊನೆಯ ಊರಾದ ತೋರ್ನವಾಕಾಸ್‌ನ ಬಳಿ. ಹೊಸದಾಗಿ ದೂರದ ಸವಾರಿ ಅಭ್ಯಾಸ ಮಾಡುತ್ತಿರುವವರು ಅಲ್ಲಿವರೆಗೆ ಹೋಗಿ ತಿರುಗಿದರೂ ಸಾಕು, ಒಂದು ನದಿಯ ಬದುಕನ್ನು ಹೆಚ್ಚುಕಡಿಮೆ ಪೂರ್ತಿ ಕಂಡಂತಾಗುತ್ತದೆ.

ನದಿಯ ಪಕ್ಕದ ಈ ರಸ್ತೆಯ ಹೆಸರು ಎನ್-110. ಇದು ರಾಷ್ಟ್ರೀಯ ರಸ್ತೆ. ಲಾರಿ, ಬಸ್ಸು ಎಲ್ಲವೂ ಓಡಾಡುತ್ತವೆ. ಮಾರ್ಚ್ ಕೊನೆಯಲ್ಲಿ ಚೆರ್ರಿ ಹೂ ನೋಡಲು ಜನ ಮುಗಿಬೀಳುವ ವಾರಾಂತ್ಯಗಳಲ್ಲಂತೂ ಕಾರುಗಳ ಸಾಲೇ ನಿಲ್ಲುತ್ತದೆ. ಸದ್ದಿಲ್ಲದ ದಾರಿ ಬೇಕಾದವರು ನದಿಯನ್ನು ಬಿಟ್ಟು ಸ್ವಲ್ಪ ಮೇಲಕ್ಕೆ ಹತ್ತಬೇಕು. ಬಲದಂಡೆಯ ಇಳಿಜಾರಿನಲ್ಲಿ ಎಲ್ ತೋರ್ನೊ, ರೆಬೊಯಾರ್. ಎಡದಂಡೆಯಲ್ಲಿ ಕಾಸಾಸ್ ದೆಲ್ ಕಸ್ತನ್ಯಾರ್, ಕಬ್ರೇರೊ, ವಾಲ್ದಸ್ತೀಯಾಸ್, ಬರ್ರಾದೊ, ಎಲ್ಲಕ್ಕಿಂತ ಮೇಲೆ ಪಿಯೊರ್ನಾಲ್. ಈ ಹಳ್ಳಿಗಳನ್ನು ಹೆಣೆಯುವ ಕಿರಿದಾದ ಡಾಂಬರು ರಸ್ತೆಗಳೇ ಸವಾರರು ಹುಡುಕಿಕೊಂಡು ಬರುವ ದಾರಿಗಳು.

ಅಲ್ಲಿ ಇಷ್ಟೊಂದು ನೆಮ್ಮದಿ ಹೇಗೆ ಉಳಿದಿದೆ? ಅದಕ್ಕೆ ಒಂದಲ್ಲ, ಹಲವು ಕಾರಣಗಳಿವೆ, ಎಲ್ಲವೂ ಸಂತೋಷದವಲ್ಲ. ಉತ್ತರದ ಸಮುದ್ರತೀರದಿಂದ ಸೆವಿಯಾದವರೆಗೆ ಸಾಗುವ ಎ-66 ಹೆದ್ದಾರಿ ಪಕ್ಕದ ಆಂಬ್ರೋಸ್ ಕಣಿವೆಯಲ್ಲಿ ಹಾದುಹೋಗುವುದರಿಂದ ದೂರದ ಊರಿನ ವಾಹನಗಳು ಇತ್ತ ಸುಳಿಯಬೇಕಾಗಿಲ್ಲ. ಇದು ಒಳ್ಳೆಯ ಕಾರಣ. ಇನ್ನೊಂದು ನೋವಿನದು. 1960ರಲ್ಲಿ ಎಕ್ಸ್‌ಟ್ರೆಮದೂರಾದಲ್ಲಿ 13 ಲಕ್ಷಕ್ಕೂ ಹೆಚ್ಚು ಜನರಿದ್ದರು. ಈಗ ಇರುವುದು ಹತ್ತೂವರೆ ಲಕ್ಷದ ಆಸುಪಾಸು. ಕೂಲಿಗೆ, ಕಾರ್ಖಾನೆಗೆ, ಮನೆಗೆಲಸಕ್ಕೆಂದು ಮ್ಯಾಡ್ರಿಡ್, ಬಾರ್ಸಿಲೋನಾ, ಬಾಸ್ಕ್ ನಾಡು, ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಗೆ ಹೋದವರಲ್ಲಿ ಬಹಳಷ್ಟು ಮಂದಿ ಮರಳಲಿಲ್ಲ. ಚದರ ಕಿ.ಮೀ.ಗೆ ಸುಮಾರು 25 ಜನ ಮಾತ್ರ ಇರುವ ನಾಡಿನಲ್ಲಿ ರಸ್ತೆ ಖಾಲಿ ಇರುವುದು ಸಹಜ. ಪ್ರವಾಸಿ ಮೆಚ್ಚಿಕೊಳ್ಳುವ ಮೌನದ ಹಿಂದೆ ಒಂದು ಪೀಳಿಗೆಯ ವಲಸೆ ಇದೆ ಎಂಬುದನ್ನು ಇಲ್ಲಿಗೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕು.

ಮೂರನೆಯದು ಕಾನೂನು. ಸ್ಪೇನಿನಲ್ಲಿ ಸೈಕಲನ್ನು ಹಿಂದೆ ಹಾಕುವ ವಾಹನ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಲೇಬೇಕು. 2022ರ ಮಾರ್ಚ್‌ನಿಂದ ಈ ನಿಯಮ ಇನ್ನಷ್ಟು ಬಿಗಿಯಾಯಿತು. ಒಂದೇ ದಿಕ್ಕಿಗೆ ಎರಡು ಪಥಗಳಿದ್ದರೆ ಚಾಲಕ ಪೂರ್ತಿ ಪಕ್ಕದ ಪಥಕ್ಕೆ ಸರಿಯಬೇಕು. ಅಂತರ ಬಿಡದವರಿಗೆ 200 ಯೂರೊ ದಂಡ, ಜೊತೆಗೆ ಲೈಸೆನ್ಸಿನ ಸಾಮಾನ್ಯ 12 ಅಂಕಗಳಲ್ಲಿ 6 ಕಡಿತ. ಅಂದರೆ ಎರಡು ಸಲ ಸಿಕ್ಕಿಬಿದ್ದರೆ ಲೈಸೆನ್ಸೇ ಹೋಗುತ್ತದೆ. ಇಬ್ಬರು ಸವಾರರು ಜೋಡಿಯಾಗಿ ಪಕ್ಕಪಕ್ಕದಲ್ಲಿ ಹೋಗುವುದಕ್ಕೂ ಕಾನೂನಿನ ಒಪ್ಪಿಗೆಯಿದೆ. ತಿರುವಿನ ರಸ್ತೆಯಲ್ಲಿ ಹಿಂದೆ ಬಂದ ಕಾರು ಹಾರನ್ ಹಾಕದೆ, ಎದುರಿನ ದಾರಿ ಕಾಣುವವರೆಗೆ ತಾಳ್ಮೆಯಿಂದ ಹಿಂಬಾಲಿಸುವುದನ್ನು ಮೊದಲ ಸಲ ಕಂಡವರಿಗೆ ಅಚ್ಚರಿಯಾದೀತು. ರಸ್ತೆ ಖಾಲಿಯಾಗಿದ್ದರಷ್ಟೇ ಸಾಲದು, ಬರುವ ಒಂದೇ ಒಂದು ವಾಹನವೂ ಸವಾರನನ್ನು ಮನುಷ್ಯನೆಂದು ಕಾಣಬೇಕು.

ಆದರೆ ಹೆರ್ತೆ ಕಣಿವೆ ಬರಿದಾಗಿಲ್ಲ. ಎಕ್ಸ್‌ಟ್ರೆಮದೂರಾದ ಬೇರೆ ಎಷ್ಟೋ ಮೂಲೆಗಳಿಗಿಂತ ಇದು ಭಿನ್ನವಾಗಿರುವುದು ಇಲ್ಲೇ. ಹನ್ನೊಂದು ಊರುಗಳಲ್ಲಿ ಹತ್ತು ಸಾವಿರದಷ್ಟು ಜನ ಇನ್ನೂ ನೆಲೆ ನಿಂತಿದ್ದಾರೆ. ಅವರನ್ನು ಹಿಡಿದಿಟ್ಟಿರುವುದು ಚೆರ್ರಿ.

ಒಂದು ಕಾಲಕ್ಕೆ ಈ ಇಳಿಜಾರುಗಳಲ್ಲಿ ಚೆಸ್ಟ್‌ನಟ್ ಮರಗಳದೇ ರಾಜ್ಯ. ಹದಿನೆಂಟನೆಯ ಶತಮಾನದಲ್ಲಿ ಬೇರುಕೊಳೆ ರೋಗ ಹಬ್ಬಿ ಆ ಮರಗಳು ಸಾಯತೊಡಗಿದಾಗ ರೈತರು ಚೆರ್ರಿಯ ಕಡೆ ತಿರುಗಿದರು. ಈಗ ಕಣಿವೆಯಲ್ಲಿ ಸುಮಾರು 15 ಲಕ್ಷ ಚೆರ್ರಿ ಮರಗಳಿವೆ ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ಗಾರೆ ಇಲ್ಲದೆ ಕಲ್ಲು ಪೇರಿಸಿ ಕಟ್ಟಿದ ಮೆಟ್ಟಿಲು ಮೆಟ್ಟಿಲಾದ ತೋಟಗಳು ನದಿಯ ಮಟ್ಟದಿಂದ ಸಾವಿರ ಮೀಟರ್ ಎತ್ತರದವರೆಗೂ ಏರಿವೆ. ಎರಡೂ ಕಡೆ ಎತ್ತರದಲ್ಲಿ ಇಷ್ಟು ವ್ಯತ್ಯಾಸವಿರುವುದರಿಂದಲೇ ಹೂವೂ ಹಣ್ಣೂ ಒಮ್ಮೆಲೇ ಬರುವುದಿಲ್ಲ. ಮೊದಲು ತಳದ ತೋಟಗಳು ಬೆಳ್ಳಗಾಗುತ್ತವೆ. ಅಲ್ಲಿ ಎಸಳು ಉದುರುವ ಹೊತ್ತಿಗೆ ಮೇಲಿನ ಮೊಗ್ಗು ಬಿರಿಯುತ್ತದೆ. ಸೈಕಲಿನಲ್ಲಿ ಹತ್ತುವವರು ಒಂದೇ ಬೆಳಗಿನಲ್ಲಿ ಎಳೆಯ ಎಲೆ, ತುಂಬು ಹೂ, ಇನ್ನೂ ಮುಚ್ಚಿದ ಮೊಗ್ಗು ಮೂರನ್ನೂ ಹಾದುಹೋಗಬಹುದು. ಕಾರಿನ ಗಾಜಿನೊಳಗಿಂದ ಈ ಬದಲಾವಣೆ ಗಮನಕ್ಕೇ ಬರುವುದಿಲ್ಲ.

ಇಲ್ಲಿನ ಹೆಮ್ಮೆಯ ತಳಿಗಳಿಗೆ ಪಿಕೋತಾ ಎಂದು ಹೆಸರು. ಕೀಳುವಾಗ ತೊಟ್ಟು ಮರದಲ್ಲೇ ಉಳಿದು ಹಣ್ಣು ಮಾತ್ರ ಕೈಗೆ ಬರುತ್ತದೆ. ಅಂಗಡಿಯಲ್ಲಿ ತೊಟ್ಟಿಲ್ಲದ ಚೆರ್ರಿ ಕಂಡು ಹಳತೆಂದು ಬಿಡುವವರಿಗೆ ಅದೇ ಈ ಹಣ್ಣಿನ ಗುರುತೆಂದು ತಿಳಿದಿರುವುದಿಲ್ಲ. ಹೆರ್ತೆ ಚೆರ್ರಿಗೆ ಐರೋಪ್ಯ ಒಕ್ಕೂಟದ ಮೂಲಸ್ಥಳ ಮಾನ್ಯತೆಯೂ ಇದೆ. ಕಡಿದಾದ ಮೆಟ್ಟಿಲು ತೋಟಗಳಿಗೆ ಯಂತ್ರ ಹತ್ತಲಾರದು. ಕೊಯ್ಲು ಪೂರ್ತಿ ಕೈಯಿಂದಲೇ, ಬಹುಪಾಲು ಮನೆಮಂದಿಯೆಲ್ಲ ಸೇರಿ ಮಾಡುವಂಥದ್ದು. ಮಾಗುವ ಹೊತ್ತಿಗೆ ಜೋರು ಮಳೆ ಬಂದರೆ ಹಣ್ಣು ನೀರು ಹೀರಿ ಸಿಪ್ಪೆ ಬಿರಿಯುತ್ತದೆ, ಇಡೀ ವರ್ಷದ ದುಡಿಮೆ ಕೆಲವೇ ಗಂಟೆಗಳಲ್ಲಿ ಹಾಳಾಗುತ್ತದೆ. ಸಣ್ಣ ಹಿಡುವಳಿಯ ರೈತರು ಸಹಕಾರ ಸಂಘ ಕಟ್ಟಿಕೊಂಡು ಹಣ್ಣನ್ನು ಒಟ್ಟಾಗಿ ಮಾರುತ್ತಾರೆ. ಅವರ ಒಕ್ಕೂಟದ ಕೇಂದ್ರ ಇರುವುದು ವಾಲ್ದಸ್ತೀಯಾಸ್‌ನಲ್ಲಿ.

ಎಲ್ ತೋರ್ನೊ ಹಳ್ಳಿಯ ಮೇಲಿನ ತಿರುವಿನಲ್ಲಿ ಸವಾರರು ತಪ್ಪದೆ ಇಳಿಯಬೇಕಾದ ಒಂದು ಜಾಗವಿದೆ. ಕಣಿವೆಗೆ ಚಾಚಿದ ಬಂಡೆಯ ಮೇಲೆ ನಾಲ್ಕು ಮಾನವಾಕೃತಿಗಳು ನಿಂತಿವೆ. ಸ್ಪೇನಿನ ಅಂತರ್ಯುದ್ಧ ಮತ್ತು ಸರ್ವಾಧಿಕಾರದ ಕಾಲದಲ್ಲಿ ಮರೆತುಹೋದವರ ನೆನಪಿಗೆಂದು ಶಿಲ್ಪಿ ಫ್ರಾನ್ಸಿಸ್ಕೊ ಸೆದೆನೀಯಾ ರಚಿಸಿದ ಶಿಲ್ಪಗಳಿವು, 2009ರಲ್ಲಿ ಅನಾವರಣಗೊಂಡವು. ಸ್ವಲ್ಪ ದಿನದಲ್ಲೇ ಯಾರೋ ಅವುಗಳ ಮೇಲೆ ಗುಂಡು ಹಾರಿಸಿದರು. ಶಿಲ್ಪಿ ಆ ತೂತುಗಳನ್ನು ಮುಚ್ಚಲಿಲ್ಲ, ಹಾಗೆಯೇ ಬಿಟ್ಟರು. ಹೂವಿನ ಕಣಿವೆಯೆಂದೇ ಬಂದವರಿಗೆ ಈ ನಾಡಿನ ಇನ್ನೊಂದು ಚರಿತ್ರೆ ಇಲ್ಲಿ ಎದುರಾಗುತ್ತದೆ.

ಎಡದಂಡೆಯ ಪಿಯೊರ್ನಾಲ್ ಎಕ್ಸ್‌ಟ್ರೆಮದೂರಾದಲ್ಲೇ ಅತಿ ಎತ್ತರದ ಊರು, 1,175 ಮೀಟರ್. 2022ರ ಸೆಪ್ಟೆಂಬರ್ 8ರಂದು ಸ್ಪೇನಿನ ಮಹಾ ಸೈಕಲ್ ಸ್ಪರ್ಧೆ ವುಯೆಲ್ತಾದ 18ನೇ ಹಂತ ತ್ರುಹೀಯೊದಿಂದ ಹೊರಟು ಇಲ್ಲಿ ಮುಗಿಯಿತು. ಹಾಲೆಂಡಿನ ಹಿರಿಯ ಸವಾರ ರಾಬರ್ಟ್ ಹೇಸಿಂಕ್ ಮುಂದಿದ್ದರು. ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಬೆಲ್ಜಿಯಂನ ರೆಮ್ಕೊ ಎವೆನೆಪೂಲ್ ಹೇಸಿಂಕ್‌ರನ್ನು ದಾಟಿ ಗೆದ್ದರು, ಮೂರು ದಿನಗಳ ನಂತರ ಇಡೀ ಸ್ಪರ್ಧೆಯನ್ನೂ ಗೆದ್ದರು. ಸಾಮಾನ್ಯ ಸವಾರರಿಗೆ ಆ ಹದಿಮೂರು ಕಿಲೋಮೀಟರಿನಷ್ಟು ಏರು ಒಂದೆರಡು ಗಂಟೆಯ ಕೆಲಸ. ಏರು ಉದ್ದವೇ ಹೊರತು ಕ್ರೂರವಲ್ಲ. ಇನ್ನೂ ಏಕಾಂತ ಬೇಕೆಂದರೆ ಎದುರು ಬೆಟ್ಟದ ಓಂದೂರಾಸ್ ಘಾಟಿಯಿದೆ. 1,400 ಮೀಟರಿಗೂ ಮೇಲೆ ಹತ್ತಿ ಎರ್ವಾಸ್ ಪಟ್ಟಣಕ್ಕೆ ಇಳಿಯುವ ಈ ದಾರಿಯಲ್ಲಿ ನೆತ್ತಿಯ ಹತ್ತಿರ ಮರವೂ ಇಲ್ಲ, ಮನೆಯೂ ಇಲ್ಲ. ಎರ್ವಾಸ್‌ನಲ್ಲಿ 1985ರಲ್ಲಿ ಪ್ರಯಾಣಿಕರ ಸಂಚಾರ ನಿಂತ ಪ್ಲಾಸೆನ್ಸಿಯಾ–ಅಸ್ತೋರ್ಗಾ ರೈಲುಮಾರ್ಗದ ಜಾಡು ಈಗ ನಡಿಗೆ ಮತ್ತು ಸೈಕಲ್ ಹಾದಿಯಾಗಿದೆ.

ಈ ಬೆಟ್ಟಗಳನ್ನು ದಾಟಿದವರಲ್ಲಿ ಹೆಸರುವಾಸಿಯಾದವನು ಚಕ್ರವರ್ತಿ ಐದನೆಯ ಚಾರ್ಲ್ಸ್. ಅರ್ಧ ಯುರೋಪನ್ನು ಆಳಿ, ಸಿಂಹಾಸನ ಬಿಟ್ಟುಕೊಟ್ಟು, ಯೂಸ್ತೆ ಮಠದಲ್ಲಿ ಕೊನೆಯ ದಿನ ಕಳೆಯಲು ಬಂದ ಅವನು 1556ರ ನವೆಂಬರ್‌ನಲ್ಲಿ ತೋರ್ನವಾಕಾಸ್ ತಲುಪಿದ. ಸಂಧಿವಾತದಿಂದ ನಡೆಯಲಾರದವನನ್ನು ಮೇನೆಯಲ್ಲಿ ಕೂರಿಸಿ ಕಡಿದಾದ ಒಳದಾರಿಯಲ್ಲಿ ಬೆಟ್ಟದಾಚೆಯ ಹರಂದೀಯಾ ಊರಿಗೆ ಸಾಗಿಸಿದರು. ಆ ದಾರಿ ಇವತ್ತಿಗೂ ನಡಿಗೆಯವರಿಗಷ್ಟೇ; ಸೈಕಲಿನವರು ಪಿಯೊರ್ನಾಲ್ ಸುತ್ತಿಯೇ ಹೋಗಬೇಕು.

ಕಾಲ ನೋಡಿ ಹೊರಡುವುದು ಮುಖ್ಯ. ಜುಲೈ, ಆಗಸ್ಟ್‌ನ ಬಿಸಿಲು ಉಗ್ರ, ಬೆಂಕಿಯ ಭಯವೂ ಆಗಲೇ. ಜನ ಬಿಟ್ಟುಹೋದ ನೆಲದಲ್ಲಿ ಪೊದೆ ಬೆಳೆದು ಒಣಗಿ ಉರುವಲಾಗುತ್ತದೆ. 2025ರ ಆಗಸ್ಟ್‌ನಲ್ಲಿ ಹರೀಯಾ ಊರಿನ ಬಳಿ ಹೊತ್ತಿದ ಕಾಳ್ಗಿಚ್ಚು 15 ಸಾವಿರ ಹೆಕ್ಟೇರಿಗೂ ಹೆಚ್ಚು ನೆಲವನ್ನು ಸುಟ್ಟು ಹೆರ್ತೆಯ ಕಡೆಗೂ ಹಬ್ಬಿತು. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಹಿತ. ಅಕ್ಟೋಬರ್ ಕಳೆಯುತ್ತಿದ್ದಂತೆ ಚೆರ್ರಿ ಎಲೆಗಳು ಕೆಂಪೇರಿ ಇಡೀ ಇಳಿಜಾರೇ ಬಣ್ಣ ಬದಲಿಸುತ್ತದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಅಂಗಡಿಗಳು ಮುಚ್ಚಿರುತ್ತವೆ, ಬುತ್ತಿ ಮೊದಲೇ ಕಟ್ಟಿಕೊಳ್ಳಬೇಕು. ಜೂನ್‌ನಲ್ಲಿ ಬರುವವರು ಮಾತ್ರ ಒಂದು ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು: ಆಗ ಸಂಜೆಯ ಹೊತ್ತಿಗೆ ತೋಟದ ಸಣ್ಣ ಟ್ರಕ್ಕುಗಳು ಅಂದು ಕೊಯ್ದ ಹಣ್ಣನ್ನು ಹೊತ್ತು ಸಹಕಾರ ಸಂಘದತ್ತ ಇಳಿಯುತ್ತವೆ, ಕಿರಿದಾದ ತಿರುವಿನಲ್ಲಿ ಸೈಕಲ್ಲನ್ನು ಅಂಚಿಗೆ ನಿಲ್ಲಿಸಿ ಅವುಗಳಿಗೆ ದಾರಿ ಬಿಡಬೇಕು.